‘ಅವನು ನಿಜವಾಗ್ಲೂ ತಪ್ಪು ಮಾಡಿದ್ನಾ?’

ಜೈಲಿನಲ್ಲಿರುವವರ ಮನೆಮಂದಿಯ ಫೋಟೊ ತೆಗೆಯುವ ಕೆಲಸ ಎಂದು ಹೇಳಿ ಮುಗಿಸುವ ಮೊದಲೇ ಈ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ. ತೀರ್ಮಾನಿಸಲು ಜಡ್ಜ್ ಇದ್ದಾರೆ, ಅದಕ್ಕೆ ಸಂಬಳವೂ ಅವರಿಗೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು. ಕೋರ್ಟೇ ಇನ್ನೂ ಹೇಳದ್ದನ್ನು ಕ್ಯಾಮೆರಾ ಹಿಡಿದವರು ಹೇಳಬೇಕಂತೆ!

ಇನ್ನು ಕೆಲವರಿಗೆ ಕೈಕೋಳದ ಫೋಟೊ ಬೇಕು. ಇಲ್ಲ. ಕೋರ್ಟ್ ಹಾಲ್‌ನಲ್ಲಿ, ಜೈಲಿನೊಳಗೆ ಅನುಮತಿಯಿಲ್ಲದೆ ಕ್ಯಾಮೆರಾ ಎತ್ತುವಂತಿಲ್ಲ. ತೆಗೆಯಬೇಕಾದ್ದೆಲ್ಲ ಹೊರಗಿದೆ: ಪರಪ್ಪನ ಅಗ್ರಹಾರದ ಬಸ್ಸು, ಜಾಮೀನಿನ ಶ್ಯೂರಿಟಿಗೆಂದು ಯಾರದೋ ಕೈಕಾಲು ಹಿಡಿದು ತಂದ ಪಹಣಿ, ವಾಯಿದೆ ಗುರುತು ಹಾಕಿದ ಗೋಡೆ ಕ್ಯಾಲೆಂಡರು. ಅಡುಗೆಮನೆಯಲ್ಲಿ ಒಂದೇ ಬಲ್ಬಿದ್ದರೂ ಫ್ಲ್ಯಾಶ್ ಬೇಡ. 35 ಎಂಎಂ ಲೆನ್ಸ್, ಎಫ್/2, ಐಎಸ್‌ಒ 3200, ಶಟರ್ 1/60. ಚಿತ್ರದಲ್ಲಿ ಮರಳಿನಂಥ ಚುಕ್ಕಿ, ಅಂದರೆ ಗ್ರೇನ್, ಬಂದರೆ ಬರಲಿ.

‘ಈ ಫೋಟೊದಿಂದ ಅವರ ಕೇಸಿಗೆ ಪೆಟ್ಟು ಬೀಳಲ್ವಾ?’ ಇದನ್ನು ಯಾರೂ ಕೇಳುವುದಿಲ್ಲ. ಬೀಳುತ್ತದೆ. ಸಾಕ್ಷಿಗಳ ತಂಟೆಗೆ ಹೋಗಬಾರದು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿರುತ್ತದೆ. ಊರ ಮದುವೆಯ ಪಂಕ್ತಿಯಲ್ಲಿ ಆರೋಪಿಯ ಪಕ್ಕ ಸಾಕ್ಷಿಯೇ ಊಟಕ್ಕೆ ಕೂತ ಚಿತ್ರ ಹಾಕಿದಿರೋ, ಜಾಮೀನು ರದ್ದುಪಡಿಸಿ ಎಂಬ ಅರ್ಜಿಗೆ ಸಾಮಾನು ಒದಗಿಸಿದಂತೆ. ಹಲವರ ನಡುವೆ ನಿಲ್ಲಿಸಿದ ಆರೋಪಿಯನ್ನು ಸಾಕ್ಷಿ ಗುರುತಿಸಬೇಕಾದ ಗುರುತು ಪತ್ತೆ ಪರೇಡಿಗೆ ಮೊದಲೇ ಮುಖ ಹೊರಬಿದ್ದರೆ, ಸಾಕ್ಷಿ ಗುರುತಿಸಿದ್ದು ಆಸಾಮಿಯನ್ನೋ ಫೋಟೊವನ್ನೋ ಎಂಬ ವಾದ ಶುರುವಾಗುತ್ತದೆ. ಅದಕ್ಕೇ ಪ್ರತಿ ಚಿತ್ರವನ್ನೂ ಆರೋಪಿಯ ವಕೀಲರಿಗೆ ತೋರಿಸಿಯೇ ಹೊರಗೆ ಬಿಡಬೇಕು.

ಆರ್ಡರ್ ಕಾಪಿಯ ಚಿತ್ರ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದರ ಮೇಲಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು, ಅಂದರೆ ಕೇಸಿನ ಗುರುತು ಸಂಖ್ಯೆಯನ್ನು, ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಹೆಸರು, ಕಲಂ, ಮುಂದಿನ ವಾಯಿದೆ ಎಲ್ಲ ಸಿಗುತ್ತವೆ. ಆಮೇಲೆ ಬ್ಲರ್ ಮಾಡುವ ಉಸಾಬರಿ ಬೇಡ. ಕ್ಲಿಕ್ಕಿಸುವ ಮೊದಲೇ ನಂಬರಿನ ಮೇಲೆ ಖಾಲಿ ಕಾಗದ ಇಡಿ. ಫೋಟೊದೊಳಗೆ ಸೇರಿಕೊಂಡಿರುವ ಜಿಪಿಎಸ್ ಮಾಹಿತಿ ಅಳಿಸಿ. ಆರೋಪಿಯೋ ಸಂತ್ರಸ್ತರೋ ಸಾಕ್ಷಿಯೋ 18 ತುಂಬದ ಮಗುವಾಗಿದ್ದರೆ ಗುರುತು ಹತ್ತುವ ಏನನ್ನೂ ಪ್ರಕಟಿಸುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಾಲೆಯ ಯೂನಿಫಾರ್ಮು, ಅಮ್ಮನ ಮುಖ ಇವೂ ಗುರುತೇ.

ಒಪ್ಪಿಗೆಯನ್ನು ಫೋಟೊ ತೆಗೆಯುವಾಗ ಒಮ್ಮೆ, ಚಿತ್ರ ಆರಿಸಿದ ಮೇಲೆ ಒಮ್ಮೆ, ತೀರ್ಪು ಬಂದ ಮೇಲೆ ಮತ್ತೊಮ್ಮೆ ಕೇಳಬೇಕು. ಮನೆಯ ಗಂಡಸರು ಹೂಂ ಅಂದರೆ ಹೆಂಗಸರೂ ಅಂದಂತಲ್ಲ; ಅವರನ್ನು ಬೇರೆಯಾಗಿ ಕೇಳಿ. ಖುಲಾಸೆಯಾದವರು ತೆಗೆದುಹಾಕಿ ಎಂದರೆ ಎಷ್ಟು ದಿನದೊಳಗೆ, ಎಲ್ಲೆಲ್ಲಿಂದ ತೆಗೆಯುತ್ತೀರಿ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದು, ಒಂದು ಪ್ರತಿ ಅವರ ಮನೆಯಲ್ಲೇ ಬಿಟ್ಟು ಬನ್ನಿ.