ತೆನೆ ಬಾರದ ವರ್ಷ

2023 ಸೆಪ್ಟೆಂಬರ್ 8, ಶುಕ್ರವಾರ, ಬೆಳಗ್ಗೆ ನಾಲ್ಕೂವರೆ ಗಂಟೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಆಚೆ ಒಬ್ರ ಗದ್ದೆ ಹುಣಿ ಮೇಲೆ ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ಆ ಮನೆಯವ್ರು ಕತ್ತಿಯಲ್ಲಿ ಸರಕ್ಕ ಸರಕ್ಕ ಅಂತ ತೆನೆ ಕೊಯ್ದು ಕಟ್ಟು ಮಾಡಿ ನನ್ನ ಕೈಗೆ ಕೊಡ್ತಾ ಇದ್ರು, ನಾನು ಅದನ್ನು ಓಮ್ನಿಯ ಹಿಂದೆ ಒದ್ದೆ ಗೋಣಿ ಮೇಲೆ ಇಡ್ತಾ ಇದ್ದೆ. ಕೊನೇ ಕಟ್ಟು ಕೊಡುವಾಗ ಅವ್ರು ಸಹಜವಾಗಿಯೇ ಕೇಳಿದ್ರು, "ಹೋದ ವರ್ಷ ನೀವೇ ಬೆಳೆದದ್ದಲ್ವಾ? ಪೇಪರಲ್ಲಿ ಫೋಟೋ ಬಂದಿತ್ತಲ್ಲ, ನೀವು ತೆನೆ ಹಿಡ್ಕೊಂಡು ನಿಂತದ್ದು."

ಹೌದು ಅಂದೆ. ಮತ್ತೆಂತ ಹೇಳುದು.

ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೇನೆ. ಸೆಪ್ಟೆಂಬರ್ 8 ನಮ್ಮ ಕಡೆಯ ಕೆಥೊಲಿಕರಿಗೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬವೂ ಹೌದು ತೆನೆ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಹಾಕ್ತಾರೆ, ಹಬ್ಬದ ದಿನ ಇಗರ್ಜಿಯಲ್ಲಿ, ಅಂದ್ರೆ ಚರ್ಚಲ್ಲಿ, ಹೊಸ ತೆನೆ ಆಶೀರ್ವಾದ ಮಾಡಿ ಮನೆಗೆ ಇಷ್ಟು ಅಂತ ಹಂಚ್ತಾರೆ, ಮಕ್ಕಳಿಗೆ ಕಬ್ಬು. ಮನೆಗೆ ತಂದ ತೆನೆಯ ಕಾಳು ಸುಲಿದು ಅರೆದು ತೆಂಗಿನ ಹಾಲಿಗೋ ದನದ ಹಾಲಿಗೋ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡ್ತಾರೆ, ಅದು ನವೆಂ. ಅದಾದ ಮೇಲೇ ಬಾಳೆಲೆ ಊಟ, ಬರೀ ತರಕಾರಿ. ಕಾಸರಗೋಡಿನವ್ರಾದ ನಾವು 1956ರಲ್ಲಿ ಕೇರಳಕ್ಕೆ ಸೇರಿದ್ರೂ ಬೇಳ, ಕಯ್ಯಾರು, ವರ್ಕಾಡಿ ಈ ಕಡೆಯ ಇಗರ್ಜಿಗಳು ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ, ಹಬ್ಬವೂ ಅಲ್ಲಿದ್ದ ಹಾಗೇ. ಮನೇಲಿ ಕೊಂಕಣಿ, ಗದ್ದೇಲಿ ತುಳು, ಆಫೀಸಲ್ಲಿ ಮಲಯಾಳ, ಶಾಲೆ ಕಲ್ತದ್ದು ಮತ್ತೆ ಹೀಗೆ ಬರೆಯುದು ಕನ್ನಡ. ಆದ್ರೆ ತೆನೆ ಹಬ್ಬಕ್ಕೆ ತೆನೆಯೇ ಇಲ್ಲ, ಅಪ್ಪನ ಕಾಲದಲ್ಲಿ ಗದ್ದೆ ಇದ್ದದ್ದೆಲ್ಲ ಈಗ ಅಡಿಕೆ ತೋಟ, ಪ್ರತಿ ವರ್ಷ ಹೊರಗಿಂದ ದುಡ್ಡು ಕೊಟ್ಟು ತರುದು.

2022ರಲ್ಲಿ ನಾನು ಯುವ ಸಂಘಟನೆಯ ಅಧ್ಯಕ್ಷ. ಒಂದು ದಿನ ರಾತ್ರಿ ನಿದ್ದೆ ಬಾರದೆ ಬಿದ್ಕೊಂಡಿದ್ದಾಗ ನಮ್ಮ ಇಗರ್ಜಿಯ ತೆನೆ ನಾವೇ ಯಾಕೆ ಬೆಳೀಬಾರ್ದು ಅಂತ ಹೊಳೀತು. ದೇವರು ಕೊಟ್ಟ ಕನಸು ಅಂತಲೇ ಅಂದ್ಕೊಂಡೆ, ಈಗಲೂ ಹಾಗೇ ಅಂದ್ಕೊಳ್ತೇನೆ. ತೋಡಿನ, ಅಂದ್ರೆ ಸಣ್ಣ ಹಳ್ಳದ, ಬದಿಯಲ್ಲಿ ಒಬ್ರು ಅಜ್ಜನ 30 ಸೆಂಟ್ಸ್ ತಗ್ಗಿನ ಬೈಲು ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿತ್ತು, ಅಜ್ಜ ನಮ್ಮ ಮತದವ್ರಲ್ಲ, ಆದ್ರೂ "ಮಾತೆಗೆ ಅಲ್ವಾ, ಮಾಡಿ" ಅಂತ ಸುಮ್ನೆ ಬಿಟ್ಟುಕೊಟ್ರು. ಬೀಜ ಎಂಒ ನಾಲ್ಕು ಅಂತ ಭತ್ತದ ಒಂದು ತಳಿ, ನೇಜಿ, ಅಂದ್ರೆ ನೆಡುವ ಸಸಿ, ಹಾಕಿದ್ದು ಮೇ ಇಪ್ಪತ್ತರ ಹೊತ್ತಿಗೆ ತೋಡಿನ ನೀರಲ್ಲಿ. ಆ ವರ್ಷ ಕೇರಳಕ್ಕೆ ಮಳೆ ಮೇ 29ಕ್ಕೇ ಬಂತು. ಹದಿನೆಂಟು ಜನ ಹುಡುಗ್ರು ಹುಡುಗಿಯರು ಕೆಸರಲ್ಲಿ ಬಿದ್ದು ಎದ್ದು ನೆಟ್ಟದ್ದು, ಸಾಲು ಎಷ್ಟು ಸೊಟ್ಟ ಅಂದ್ರೆ ಅಜ್ಜ ನೋಡಿ ಹಾವು ಹರಿದ ಹಾಗೆ ಉಂಟು ಅಂತ ನಕ್ಕರು. ಆದ್ರೆ ಆಗಸ್ಟ್ ಕೊನೆಗೆ ತೆನೆ ಬಗ್ಗಿತ್ತು ಮಾರಾಯ್ರೆ. ಆ ವರ್ಷ ತಿರುವೋಣವೂ ಸೆಪ್ಟೆಂಬರ್ 8ಕ್ಕೇ ಬಂದದ್ದು, ಪಕ್ಕದ ಮನೆಗಳಲ್ಲಿ ಹೂವಿನ ರಂಗೋಲಿ, ನಮ್ಮಲ್ಲಿ ಹೂವಿನ ಬುಟ್ಟಿ, ಕಾಸರಗೋಡು ಪೇಟೆಯಲ್ಲಿ ಸೇವಂತಿಗೆಗೆ ಬಂಗಾರದ ರೇಟು. ನಮ್ಮದೇ ತೆನೆ ಮೆರವಣಿಗೆಯಲ್ಲಿ ಬಂದಾಗ ಮುದುಕಿಯರು ಅತ್ತರು. ನಾನೂ ಅತ್ತೆ, ಆದ್ರೆ ಅಳುವಾಗ್ಲೂ ಫೋಟೋಗ್ರಾಫರ್ ಎಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು.

ಅದು ನಿಜವಾಗಿಯೂ ಗೊತ್ತಿತ್ತು. ಅದಕ್ಕೇ ಈಗ ಬರೀತಾ ಇದ್ದೇನೆ.

ಮರುವರ್ಷ ಜನವರಿಯಲ್ಲಿ ಯುವ ನಾಯಕರ ಶಿಬಿರಕ್ಕೆ ನನ್ನನ್ನೇ ಮಾತಾಡ್ಲಿಕ್ಕೆ ಕರೆದ್ರು. ನಾನು ತಗೊಂಡದ್ದು ಜೋಸೆಫನ ಕತೆ, ಬೈಬಲಿನ ಆದಿಕಾಂಡ 37. ಹದಿನೇಳು ವರ್ಷದ ಹುಡುಗ, ಕನಸು ಕಾಣ್ತಾನೆ, ಅಣ್ಣಂದಿರೆಲ್ಲ ಹೊಲದಲ್ಲಿ ಸಿವುಡು, ಅಂದ್ರೆ ಕೊಯ್ದ ಪೈರಿನ ಕಟ್ಟು, ಕಟ್ತಾ ಇದ್ದಾರೆ, ಇವನ ಸಿವುಡು ಎದ್ದು ನಿಲ್ತದೆ, ಉಳಿದವ್ರ ಸಿವುಡುಗಳೆಲ್ಲ ಸುತ್ತ ನಿಂತು ಅಡ್ಡಬೀಳ್ತವೆ. "ದೊಡ್ಡ ಕನಸು ಕಾಣಿ, ಅಣ್ಣಂದಿರು ನಗ್ತಾರೆ, ನಗ್ಲಿ, ಒಂದು ದಿನ ಅಡ್ಡಬೀಳ್ತಾರೆ" ಅಂತ ಮೈಕ್ ಹಿಡ್ಕೊಂಡು ಕೂಗಿದೆ. ಚಪ್ಪಾಳೆ ಜೋರು. ನನ್ನ ಅಣ್ಣಂದಿರು ಯಾರು ಅಂತ ಕೂತವ್ರಲ್ಲಿ ಕೆಲವ್ರಿಗೆ ಗೊತ್ತಿತ್ತು, ಹಿಂದಿನ ಸಮಿತಿಯವ್ರು, ಇದೆಲ್ಲ ಆಗುದಿಲ್ಲ ಅಂದವ್ರು, ಅವ್ರು ಹಿಂದಿನ ಸಾಲಲ್ಲೇ ಕೂತಿದ್ರು.

2023ಕ್ಕೆ 30 ಸೆಂಟ್ಸ್ ನನಗೆ ಸಣ್ಣದಾಯ್ತು. ಎರಡು ಎಕ್ರೆ, ಅದೂ ಮೇಲಿನ ಮಜಲು ಗದ್ದೆ, ಗೇಣಿಗೆ. ಸುತ್ತಲಿನ ನಾಲ್ಕು ಇಗರ್ಜಿಗೂ ನಾವೇ ತೆನೆ ಕೊಡುದು ಅಂತ ಮಾತೂ ಕೊಟ್ಟಾಯ್ತು. ಸಂಘದ ಫಂಡಲ್ಲಿ 48,000 ಇತ್ತು, ಅದ್ರಲ್ಲಿ 35,000 ತೆಗೆದೆ, ಮೀಟಿಂಗ್ ಮಾಡಿದ್ದು ಹೌದು ಆದ್ರೆ ಮೀಟಿಂಗಲ್ಲಿ ಬೇರೆ ಯಾರು ಮಾತಾಡಿದ್ರು ಅಂತ ನೆನಪಿಲ್ಲ, ನಾನೇ ಮಾತಾಡಿದ್ದು ಕಾಣ್ತದೆ. ಮೇ ತಿಂಗಳಲ್ಲಿ ಗದ್ದೆ ಅಜ್ಜ ಒಂದೇ ಮಾತು ಕೇಳಿದ್ದು, ತುಳುವಲ್ಲಿ, "ಗುವೆಲ್ ತೂಯನಾ?" ಬಾವಿ ನೋಡಿದ್ಯಾ ಅಂತ. ಮಜಲಿನ ಬಾವಿ. ನೋಡಿದೆ ಅಂದೆ. ಬಗ್ಗಿ ನೋಡಿರ್ಲಿಲ್ಲ.

ಮೂರ್ಖತನ ಎಲ್ಲಿ ಅಂದ್ರೆ, ಕೆಲಸ ಸುಲಭ ಆಗ್ಲಿ ಅಂತ ಎಲ್ಲ ನೇಜಿಯನ್ನೂ ಒಟ್ಟಿಗೆ ಮೇಲೆ ಮಜಲಲ್ಲೇ ಹಾಕಿದೆ, ತೋಡಿನ ಬದಿಯ ಹಳೇ 30 ಸೆಂಟ್ಸಿಗೆ ಬೇಕಾದ ನೇಜಿಯನ್ನೂ. ಮೇ ಕೊನೆಗೆ ಬಾವಿ ತಳ ಕಂಡಿತು, ಪಂಪ್ ಹಾಕಿದ್ರೆ ಐದು ನಿಮಿಷ ಕೆಂಪು ನೀರು, ಮತ್ತೆ ಗೊರಗೊರ ಗಾಳಿ. ಮಳೆ ಆ ವರ್ಷ ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಬಂದದ್ದೂ ಹೆದ್ರಿ ಹೆದ್ರಿ. ನೇಜಿ ಅರ್ಧ ಒಣಗಿ, ಪುನಃ ಬೀಜ ತಂದು ಹಾಕಿ, ನೆಟ್ಟದ್ದು ಜುಲೈ ಎರಡನೇ ವಾರ. ಆಮೇಲೆ ಆಗಸ್ಟ್, 1901ರಿಂದ ಲೆಕ್ಕ ಇಟ್ಟದ್ರಲ್ಲಿ ದೇಶಕ್ಕೇ ಅತಿ ಕಡಿಮೆ ಮಳೆ ಬಂದ ಆಗಸ್ಟ್ ಅಂತೆ ಅದು. ನನಗೆ ಲೆಕ್ಕ ಬೇಡ, ಮಜಲಿನ ಮಣ್ಣು ಬಿರಿದ ಸಂದಿಗೆ ನನ್ನ ಚಪ್ಪಲಿಯ ತುದಿ ಸಿಕ್ಕಿಬೀಳ್ತಿತ್ತು. ನಮ್ಮ ಬೀಜಕ್ಕೆ ಮೂರು ತಿಂಗಳ ಹತ್ತಿರ ಬೇಕು ತೆನೆ ಹೊರಗೆ ಬರ್ಲಿಕ್ಕೆ, ನಮ್ಮದಕ್ಕೆ ಹಬ್ಬಕ್ಕೆ ಎಪ್ಪತ್ತೈದು ದಿನವೂ ಆಗಿರ್ಲಿಲ್ಲ. ಒಂದು ಪೈರಿನ ಗರ್ಭ ಸೀಳಿ ನೋಡಿದೆ, ಒಳಗೆ ಬಿಳೀ ನೂಲಿನ ಹಾಗೆ ಎಂತದೋ. ಮೇಲಿನದ್ದು ಹೋಗ್ಲಿ, ತೋಡಿನ ನೀರು ಇದ್ದೂ ಕೆಳಗಿನ 30 ಸೆಂಟ್ಸೂ ಖಾಲಿ, ನೇಜಿಯೇ ಲೇಟಾದ್ರೆ ತೋಡು ಎಂತ ಮಾಡ್ತದೆ.

ಹಾಗಾಗಿ ಓಮ್ನಿ, ಹಾಗಾಗಿ ತಲಪಾಡಿ. ವಾಪಸ್ ಬರುವಾಗ ಹೈವೇ ಕೆಲಸದ ಧೂಳು, ಅಲ್ಲಿ ತಿರುಗಿಸಿ ಇಲ್ಲಿ ತಿರುಗಿಸಿ ತಲಪುವಾಗ ಆರೂಕಾಲು. ಹಳೇ ಸಮಿತಿಯವ್ರೊಬ್ರು ಬಂದು ಕಟ್ಟುಗಳನ್ನು ಇಳಿಸ್ಲಿಕ್ಕೆ ಕೈ ಹಾಕಿದ್ರು, ಒಂದು ಮಾತಿಲ್ಲ. ಅವ್ರು ಒಂದು ಕುಟುಕು ಮಾತು ಹೇಳಿದ್ರೆ ನನಗೆ ಸಮಾಧಾನ ಆಗ್ತಿತ್ತು. ಹೇಳ್ಲಿಲ್ಲ. ಫಾದರ್ ಆಶೀರ್ವಾದ ಮಾಡಿದ್ರು, ಮಕ್ಕಳಿಗೆ ಯಾವ ಊರಿನ ತೆನೆ ಅಂತ ಗೊತ್ತೂ ಇಲ್ಲ, ಅವ್ರಿಗೆ ಕಬ್ಬು ಸಿಕ್ಕಿದ್ರೆ ಸಾಕು.

ಪೂಜೆ ಮುಗಿದ ಮೇಲೆ ಮನೆಗೆ ಹೋಗ್ಲಿಲ್ಲ ನಾನು. ತೆನೆಯ ನಮ್ಮ ಪಾಲು ಜೇಬಲ್ಲೇ ಇತ್ತು, ಹೋಗಿ ತೋಡಿನ ಬದಿಯಲ್ಲಿ ಕೂತೆ. ಅಲ್ಲೇ ಕೂತು ವಾಟ್ಸಾಪಲ್ಲಿ ರಾಜೀನಾಮೆ ಟೈಪ್ ಮಾಡಿದೆ, ಉದ್ದ, ದೇವರು ನನ್ನ ಕೈ ಬಿಟ್ಟ, ನಾನು ನಾಯಕತ್ವಕ್ಕೆ ಲಾಯಕ್ಕಲ್ಲ, ಹಣ ನಾನೇ ತುಂಬ್ತೇನೆ ಅಂತೆಲ್ಲ, ಫಾದರಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ರಿಪ್ಲೈ ಬಂತು. "ಊಟ ಆಯ್ತಾ?"

ಸಿಟ್ಟು ಬಂತು ನಿಜವಾಗಿ. ಇಷ್ಟು ಬರೆದದ್ದಕ್ಕೆ ಇದಾ ಅಂತ. ಆಮೇಲೆ ಫೋನೇ ಮಾಡಿದ್ರು. "ಎಲೀಯ ಪ್ರವಾದಿಯೂ ಕಾರ್ಮೆಲ್ ಬೆಟ್ಟದಲ್ಲಿ ಗೆದ್ದ ಮೇಲೆ ಓಡಿ ಹೋಗಿ ಗಿಡದ ಬುಡದಲ್ಲಿ ಬಿದ್ಕೊಂಡು ಸಾಕು ದೇವರೇ ನನ್ನ ಪ್ರಾಣ ತೆಗಿ ಅಂದ, ದೇವದೂತ ಬಂದು ಪ್ರವಚನ ಕೊಡ್ಲಿಲ್ಲ, ರೊಟ್ಟಿ ಮತ್ತೆ ನೀರು ಕೊಟ್ಟ, ಎರಡು ಸಲ ಎಬ್ಬಿಸಿ ತಿನ್ನಿಸಿದ. ನಿನಗೆ ಯಾರೂ ದೂತರು ಬರುದಿಲ್ಲ, ನಿನ್ನ ಅಮ್ಮ ಇಲ್ಲಿಗೆ ಫೋನ್ ಮಾಡಿದ್ರು, ತೆನೆ ನಿನ್ನ ಹತ್ರ ಉಂಟಂತೆ, ನವೆಂ ಆಗದೆ ಯಾರೂ ಊಟ ಮಾಡ್ಲಿಲ್ಲಂತೆ, ಗಂಟೆ ಎರಡಾಯ್ತು."

ಜೇಬು ಮುಟ್ಟಿ ನೋಡ್ಕೊಂಡೆ. ಏಳು ತೆನೆ, ಬೆವರಿಗೆ ಒದ್ದೆಯಾಗಿ ಬಗ್ಗಿತ್ತು. ಮನೆಯಲ್ಲಿ ಅಜ್ಜಿಗೆ ಎಂಬತ್ತಾರು, ಶುಗರ್ ಬೇರೆ, ತಂಗಿಯ ಸಣ್ಣ ಮಗು, ಇವ್ರೆಲ್ಲ ಬಾಳೆಲೆ ಹಾಕಿ ಕಾದು ಕೂತದ್ದು ನನ್ನ ದುಃಖ ಮುಗಿಯುದನ್ನು. ಬೈಕ್ ಹತ್ತಿ ಹೋದದ್ದು ಹೇಗೆ ಅಂತ ಗೊತ್ತಿಲ್ಲ. ಅಜ್ಜಿ ಎಂತ ಬಯ್ಯಲಿಲ್ಲ, ಕಾಳು ಸುಲೀಲಿಕ್ಕೆ ಕೈ ನಡುಗ್ತಾ ಇತ್ತು, ಅಮ್ಮ ತಗೊಂಡು ಸುಲಿದ್ರು. ಹರಿವೆ ಪಲ್ಯ, ಹೀರೆ, ಅಲಸಂಡೆ, ಬೆಂಡೆ, ಕೆಸುವಿನ ದಂಟು ಎಲ್ಲ ತಣ್ಣಗೆ. ಅಷ್ಟು ರುಚಿಯಾದ ತಣ್ಣನೆ ಊಟ ನಾನು ಮಾಡಿಲ್ಲ.

ರಾಜೀನಾಮೆಯನ್ನು ಫಾದರ್ ತಗೊಳ್ಳಲಿಲ್ಲ. ಆದ್ರೆ ಲೆಕ್ಕ ಮಾತ್ರ ಭಾನುವಾರ ಎಲ್ಲರ ಎದುರು ಓದಿಸಿದ್ರು, ಪೈಸೆ ಪೈಸೆ. ನಾಚಿಕೆ ಆಯ್ತು, ಆದ್ರೆ ಆಮೇಲೆ ರಾತ್ರಿ ನಿದ್ದೆ ಬಂತು. ಹಳೇ ಸಮಿತಿಯವ್ರು ಒಂದು ಪ್ರಶ್ನೆ ಕೇಳಿದ್ರು, ಬೆಳೆ ಅಲ್ಲೇ ಉಂಟಲ್ಲ, ಅದಕ್ಕೆಂತ ಮಾಡುದು ಅಂತ. ಹಬ್ಬ ಮುಗಿದ ಮೇಲೆ ಆ ಗದ್ದೆ ಉಂಟು ಅಂತಲೇ ನಾನು ಮರೆತಿದ್ದೆ! ಸೆಪ್ಟೆಂಬರಲ್ಲಿ ಮಳೆ ಬಂತು, ಅಕ್ಟೋಬರಲ್ಲಿ ಕೆಳಗಿನ ಗದ್ದೆ ತೆನೆ ಬಿಟ್ಟಿತು, ಮೇಲಿನದ್ದು ಅರ್ಧಕ್ಕರ್ಧ ಜೊಳ್ಳು, ಉಳಿದದ್ರಲ್ಲಿ ಹಂದಿ ಪಾಲು ತಗೊಂಡಿತು. ನವೆಂಬರಲ್ಲಿ ಕೊಯ್ದದ್ದು ಆ ಹಳೇ ಸಮಿತಿಯವ್ರು ನಾಲ್ಕು ಜನ, ಹುಡುಗ್ರು ಆರು ಜನ ಮತ್ತು ಅಜ್ಜ. ಸಿವುಡು ಕಟ್ಟುದು ಹೇಗೆ ಅಂತ ಅಜ್ಜ ತೋರಿಸಿದ್ರು, ಬೈಹುಲ್ಲಿನದ್ದೇ ಒಂದು ಎಳೆ ತಿರುಪಿ ಸುತ್ತಿ ಒಳಗೆ ಸಿಕ್ಕಿಸುದು, ಗಂಟು ಹಾಕುದೇ ಇಲ್ಲ. ನಾನು ಕಟ್ಟಿದ್ದು ಒಂದೂ ನಿಲ್ಲಲಿಲ್ಲ, ಎಲ್ಲ ಅಡ್ಡಬಿತ್ತು. ಜೋಸೆಫನ ಕನಸು ತಿರುಗಾಮುರುಗಾ ಆಯ್ತು ಅಂತ ಒಬ್ಬ ಹುಡುಗ ಅಂದ, ಎಲ್ಲರೂ ನಕ್ಕರು, ನಾನೂ. ಇನ್ನೂ ಜಾಸ್ತಿ ಸಿಗ್ಬಹುದು ಅಂದ್ಕೊಂಡದ್ದು ಮೂರೇ ಗೋಣಿ ಸಿಕ್ಕಿತು, ಅದನ್ನು ಮಿಲ್ ಮಾಡಿಸಿ ಊರಲ್ಲಿ ಡಯಾಲಿಸಿಸ್ ಮಾಡಿಸ್ತಾ ಇದ್ದವ್ರ ಎರಡು ಮನೆಗೆ, ಮತ್ತೆ ಅಜ್ಜನಿಗೆ ಕೊಟ್ಟೆವು.

2024 ಜನವರಿಗೆ ಪುನಃ ಅದೇ ಶಿಬಿರಕ್ಕೆ ಕರೆದ್ರು, ಅದೇ ವಿಷಯಕ್ಕೆ. ಫಾದರೇ ಹೇಳಿ ಕರೆಸಿದ್ದು ಅಂತ ಆಮೇಲೆ ಗೊತ್ತಾಯ್ತು. ನಾನು ಅದೇ 37ನೇ ಅಧ್ಯಾಯ ತೆಗೆದು ಹೋದ ವರ್ಷ ನಾನು ಅರ್ಧ ಓದಿದ್ದೆ ಅಂತ ಹೇಳಿದೆ. ಕನಸಲ್ಲಿ ಸಿವುಡು ಇತ್ತು, ಅಂದ್ರೆ ಧಾನ್ಯ ಇತ್ತು. ಹದಿನೇಳು ವರ್ಷದ ಹುಡುಗನಿಗೆ ಕಂಡದ್ದು ಅಡ್ಡಬಿದ್ದದ್ದು ಮಾತ್ರ. ಅಣ್ಣಂದಿರು ಅವನನ್ನು ಗುಂಡಿಗೆ ಹಾಕಿದ್ರು, ಆ ಗುಂಡಿಯಲ್ಲಿ ನೀರಿರ್ಲಿಲ್ಲ ಅಂತ ಬೈಬಲಲ್ಲೇ ಉಂಟು, ನನ್ನ ಮಜಲಿನ ಬಾವಿ ಹಾಗೆ. ಆಮೇಲೆ ಗುಲಾಮಗಿರಿ, ಮಾಡದ ತಪ್ಪಿಗೆ ಜೈಲು, ಬಿಡಿಸ್ತಾನೆ ಅಂತ ಇವನು ನಂಬಿದ್ದ ಪಾನಸೇವಕ ಹೊರಗೆ ಹೋಗಿ ಎರಡು ವರ್ಷ ಮರೆತದ್ದು. ಈಜಿಪ್ಟಿನ ರಾಜ ಫರೋಹನ ಮುಂದೆ ನಿಲ್ಲುವಾಗ ಮೂವತ್ತು ವರ್ಷ, ಕನಸು ಹೇಳಿ ಹದಿಮೂರು ವರ್ಷ. ಏಳು ವರ್ಷ ಧಾನ್ಯ ಕೂಡಿಟ್ಟ, ಬರ ಬಂತು, ಅಣ್ಣಂದಿರು ಬಂದು ನಿಜವಾಗಿಯೂ ಅಡ್ಡಬಿದ್ರು, ಆಗ ಅವನಿಗೆ ಕನಸು ನೆನಪಾಯ್ತು ಅಂತ 42ರಲ್ಲಿ ಉಂಟು. ಅವ್ರು ಬಂದದ್ದು ಅವನಿಗೆ ಮರ್ಯಾದೆ ಕೊಡ್ಲಿಕ್ಕಲ್ಲ, ಹಸಿವಾಗಿ. ದೇವರು ಆ ಕನಸಲ್ಲಿ ಮೊದಲೇ ಅನ್ನ ತೋರಿಸಿದ್ದ, ಈ ಹುಡುಗ ತನ್ನನ್ನೇ ನೋಡ್ಕೊಂಡ. ನಾನು ಹೇಗೆ ಅಂದ್ರೆ, ಎಲ್ಲರನ್ನೂ ಎರಡು ಗಂಟೆವರೆಗೆ ಹಸಿದು ಕೂರಿಸಿದವ, ಅಂತ ನವೆಂ ಕತೆಯೂ ಹೇಳಿದೆ.

ಚಪ್ಪಾಳೆ ಅಷ್ಟೇನೂ ಇಲ್ಲ. ಪ್ರಶ್ನೆ ಉಂಟಾ ಅಂತ ಕೇಳಿದಾಗ ಪೈವಳಿಕೆ ಕಡೆಯ ಒಬ್ಬಳು ಹುಡುಗಿ ಹಂದಿಗೆ ಬೇಲಿ ಎಂತದ್ದು ಹಾಕಿದ್ರಿ ಅಂತ ಕೇಳಿದ್ಳು. ಹಾಕಿರ್ಲಿಲ್ಲ ಅಂದೆ. ಹಳೇ ಸೀರೆ ಕಟ್ಟಿ ಅಂದ್ಳು, ಅವ್ರ ಮನೆಯಲ್ಲಿ ಕಟ್ತಾರಂತೆ, ಒಂದೆರಡು ವಾರ ಹೆದರ್ತದಂತೆ.

ಫಂಡಿಗೆ ನಾನು ತಿಂಗಳಿಗೆ ಸಾವಿರ ಹಾಕ್ತಾ ಬಂದೆ, ಯಾರೂ ಕೇಳದಿದ್ರೂ. ಸಂಘಕ್ಕೆ ಈಗ ಬೇರೆ ಅಧ್ಯಕ್ಷೆ, ನನಗಿಂತ ಒಳ್ಳೆ ಲೆಕ್ಕ ಇಡ್ತಾಳೆ. 2024 ಮೇ ತಿಂಗಳಲ್ಲಿ ತೋಡಿನ ಬದಿಯ 30 ಸೆಂಟ್ಸ್ ಮಾತ್ರ ಮಾಡುದು ಅಂತ ಅವಳೇ ತೀರ್ಮಾನ ಮಾಡಿದ್ಳು, ನೇಜಿಯೂ ಅಲ್ಲೇ. ನಾನು ಬೀಜ ನೆನೆ ಹಾಕ್ಲಿಕ್ಕೆ ಹೋದಾಗ ಅಜ್ಜ ಜಗಲಿಯಲ್ಲಿ ಕೂತು ಎಲೆ ಜಗೀತಾ ಇದ್ರು. ತೋಡಿನ ಗದ್ದೆಗೆ ಬಾವಿ ಬೇಡ, ಅದು ಅವ್ರಿಗೂ ಗೊತ್ತು, ಆದ್ರೂ ಕೇಳಿದ್ರು.

"ಗುವೆಲ್ ತೂಯನಾ?"

ನೋಡಿ ಬಂದಿದ್ದೆ. ಮೂರು ರಿಂಗ್ ಕೆಳಗೆ ನೀರು, ಒಂದು ಕಪ್ಪೆ, ನನ್ನದೇ ಮುಖ. ಹೇಳಿದೆ. ಅಜ್ಜ ಎಲೆ ಉಗಿದು ಚಪ್ಪಲಿ ಹುಡುಕ್ಲಿಕ್ಕೆ ಎದ್ರು, ಅವ್ರೂ ಬರ್ತಾರಂತೆ ಗದ್ದೆಗೆ.