ಬೇಕಂತಲೇ ರೋಗ ಸಾಕಿದ ಹೊಲ

ನಮ್ಮ ಕಲಬುರಗಿ ಕಡೆ ತೊಗರಿ ಸೊರಗಿದರೆ ಮುಂದಿನ ವರ್ಷ ಆ ಹೊಲಕ್ಕೆ ಜೋಳ. ಅದು ಸರಿಯಾದ ಲೆಕ್ಕವೇ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋದಲ್ಲಿ ಹೆನ್ರಿ ಬೋಲಿ ಎಂಬ ಮೇಷ್ಟ್ರು ಇದರ ಉಲ್ಟಾ ಮಾಡಿದರು. ಕ್ಲಾಸಿನಲ್ಲಿ ಅವರ ಕಥೆ ಎರಡು ಸಾಲಿನಲ್ಲಿ ಮುಗಿದಿತ್ತು. ನನಗೆ ಅದು ಸಾಲಲಿಲ್ಲ.

ಬೋಲಿ 1890ರಲ್ಲಿ ನಾರ್ತ್ ಡಕೋಟಾದ ಕೃಷಿ ಕಾಲೇಜಿಗೆ ಬಂದಾಗ ಅಲ್ಲಿ ಅಗಸೆ ದೊಡ್ಡ ಬೆಳೆ. ಹುಲ್ಲುಗಾವಲು ಒಡೆದು ಬಿತ್ತಿದರೆ ಮೊದಮೊದಲು ಚೆನ್ನಾಗಿ ಬರುತ್ತಿತ್ತು. ಆಮೇಲೆ ಸೊರಗು. ಅಗಸೆ ನೆಲದ ಸಾರ ಹೀರಿಬಿಡುತ್ತೆ ಅಂತ ರೈತರು ಪಶ್ಚಿಮದ ಹೊಸ ನೆಲ ಹುಡುಕಿಕೊಂಡು ಹೋಗುತ್ತಿದ್ದರು. ನೆಲ ಎಷ್ಟಿದ್ದರೂ ಒಂದು ದಿನ ಮುಗಿಯಲೇಬೇಕು, ಅಲ್ವಾ?

1894ರಲ್ಲಿ ಬೋಲಿ 30ನೇ ನಂಬರಿನ ಪ್ಲಾಟಿನಲ್ಲಿ ಅಗಸೆ ಬಿತ್ತಿದರು. ಮರುವರ್ಷವೂ ಅಗಸೆ. ಅದರ ಮರುವರ್ಷವೂ ಅದೇ. ಸಾರ ಕಡಿಮೆಯಾಗಿಲ್ಲ, ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ಗಿಡ ಕೊಲ್ಲುತ್ತಿದೆ ಅಂತ 1901ರಲ್ಲಿ ತೋರಿಸಿದರು. ಬೀಜದ ಜೊತೆಗೂ ಅದು ಹೊಸ ಹೊಲಕ್ಕೆ ಹೋಗುತ್ತಿತ್ತು. ಅಂದರೆ ರೈತರು ರೋಗ ಬಿಟ್ಟು ಓಡುತ್ತಾ ಅದನ್ನೇ ಚೀಲದಲ್ಲಿ ಹೊತ್ತೊಯ್ಯುತ್ತಿದ್ದರು.

ನನಗೆ ಇಷ್ಟವಾಗುವುದು ಇದರ ಮುಂದಿನ ಭಾಗ. ಆ ಪ್ಲಾಟಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಿಡ ಸತ್ತರೂ ಅಲ್ಲೊಂದು ಇಲ್ಲೊಂದು ಹಸಿರಾಗಿ ನಿಲ್ಲುತ್ತಿತ್ತು. ಅದರ ಬೀಜ ತೆಗೆದು ಮತ್ತೆ ಅದೇ ಕೆಟ್ಟ ಮಣ್ಣಿಗೆ ಹಾಕಿದರು. ರಷ್ಯಾಕ್ಕೂ ಹೋಗಿ ಬೀಜ ತಂದರು. ಹೀಗೆ ಆರಿಸಿ ಆರಿಸಿ ಬಂದದ್ದೇ ಎನ್.ಡಿ.ಆರ್. 52, 114 ತಳಿಗಳು. ಒಳ್ಳೆ ಮಣ್ಣಿನಲ್ಲಿ ಎಲ್ಲ ಗಿಡವೂ ಗಟ್ಟಿಯಾಗೇ ಕಾಣುತ್ತೆ. ಯಾವುದು ನಿಜವಾಗಿ ಗಟ್ಟಿ ಅಂತ ಹೇಳಲು ಕೆಟ್ಟ ಮಣ್ಣೇ ಬೇಕು. ವರ್ಷಗಟ್ಟಲೆ ಬರೀ ಸತ್ತ ಗಿಡ ತೋರಿಸುವ ಪ್ಲಾಟಿಗೆ ಈಗಿನ ಕಾಲದಲ್ಲಿ ಪ್ರಾಜೆಕ್ಟ್ ದುಡ್ಡು ಸಿಗುತ್ತಿತ್ತಾ ಅಂತ ನನಗೆ ಅನುಮಾನ.

ಸೊರಗು ತಡೆದ ಗಿಡ ತುಕ್ಕು ರೋಗ ತಡೆಯಬೇಕಂತೇನಿಲ್ಲ. ಅದೇ ಫಾರ್ಗೋದಲ್ಲಿ ಹೆರಾಲ್ಡ್ ಫ್ಲೋರ್ ಎಂಬ ವಿಜ್ಞಾನಿ 1930ರ ದಶಕದಿಂದ ಅಗಸೆಯ ತುಕ್ಕಿನ ಬೆನ್ನು ಹತ್ತಿದರು. ಗಿಡದ ಜೊತೆಗೆ ತುಕ್ಕು ತರುವ ಶಿಲೀಂಧ್ರವನ್ನೂ ಅಡ್ಡತಳಿ ಮಾಡಿದರು. ಗಿಡದ ಪ್ರತಿ ನಿರೋಧಕ ಜೀನ್‌ಗೆ ರೋಗಾಣುವಿನಲ್ಲಿ ಅದಕ್ಕೆ ಸರಿಹೊಂದುವ ಒಂದು ಜೀನ್ ಇದೆ ಎಂದು ಕಂಡರು. ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ 'ಜೀನ್‌ಗೆ ಜೀನ್' ಸಿದ್ಧಾಂತ ಇದೇ.

ನಮ್ಮ ತೊಗರಿಯದ್ದೂ ಫ್ಯುಸೇರಿಯಂ ಸೊರಗೇ, ಜಾತಿ ಮಾತ್ರ ಬೇರೆ. ಹೈದರಾಬಾದ್ ಹತ್ತಿರದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್‌ನವರೂ ಇಂಥ ಸಿಕ್ ಪ್ಲಾಟ್, ಅಂದರೆ ಬೇಕಂತಲೇ ರೋಗ ಸಾಕಿದ ಪ್ಲಾಟ್, ಇಟ್ಟುಕೊಂಡೇ ತಳಿ ಆರಿಸುತ್ತಾರೆ. ಅಲ್ಲಿಂದ ಬಂದ ಮಾರುತಿ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಸೊರಗಿಗೆ ಗಟ್ಟಿ. ಆದರೆ ಗಿಡ ಹೂ, ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗ ಬಂದರೆ ತಡೆಯಲ್ಲ. ಅದನ್ನು ತಡೆಯುವ ತಳಿ ಬೇಕೆಂದರೆ ಗೊಡ್ಡು ರೋಗದ್ದೇ ಇನ್ನೊಂದು ಪ್ಲಾಟ್ ಸಾಕಬೇಕು.