ಕಪಿಲೆ ಇಳಿದ ಮೇಲೆ ನಂಜುಂಡನ ಹರಕೆ

ನಂಜನಗೂಡಿಗೆ ಹರಕೆ ಹೊತ್ತವರಿಗೆ ಶ್ರಾವಣದ ಸೋಮವಾರವೆಂದರೆ ದೊಡ್ಡ ದಿನ. ಕಪಿಲೆಗೆ ನೆರೆ ಬರುವ ಕಾಲವೂ ಅದೇ. ಮಗುವಿನ ಮುಡಿ, ಉರುಳು ಸೇವೆ, ಹೊಳೆ ಸ್ನಾನ ಎಂದು ಎಲ್ಲ ಗೊತ್ತು ಮಾಡಿಕೊಂಡು ಹೊರಡುವ ಹೊತ್ತಿಗೆ ಸ್ನಾನಘಟ್ಟಕ್ಕೆ ಬ್ಯಾರಿಕೇಡ್ ಬಿದ್ದಿರುತ್ತದೆ, ಹದಿನಾರು ಕಾಲು ಮಂಟಪ ನೀರಿನಲ್ಲಿ ಮುಳುಗಿರುತ್ತದೆ. ಹರಕೆ ತಪ್ಪಿತಲ್ಲಾ ಎಂದು ಅಳುಕಬೇಕಿಲ್ಲ. ಕಾಣಿಕೆಯನ್ನು ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿ ದೇವರ ಗೂಡಿನಲ್ಲಿಟ್ಟು, ನೀರು ಇಳಿದ ಮೇಲೆ ಹೋಗಿ ಒಪ್ಪಿಸಿದರೆ ಆಯಿತು. ನಂಜು ಕುಡಿದು ಅರಗಿಸಿಕೊಂಡ ದೇವರು ಒಂದು ತಿಂಗಳು ಕಾಯಲಾರನೇ?

ನೆರೆ ಇಷ್ಟು ಬೇಗ ಏರುವುದೇಕೆ ಎನ್ನುವುದಕ್ಕೆ ಲೆಕ್ಕವಿದೆ. ಕಪಿಲೆಗೆ ಮೇಲ್ಗಡೆ ಕಟ್ಟಿದ ಕಬಿನಿ ಚಿಕ್ಕ ಜಲಾಶಯ. ಕೆಆರ್‌ಎಸ್ 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿದರೆ ಇದು ಹಿಡಿಯುವುದು 19.52. ವಯನಾಡಿನ ಮಳೆ ನೇರವಾಗಿ ಇದರ ಮಡಿಲಿಗೇ ಬೀಳುತ್ತದೆ. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್, ಒಂದು ಹಗಲು ರಾತ್ರಿಗೆ 8.64 ಟಿಎಂಸಿ. ಆ ವೇಗದಲ್ಲಿ ಬಂದರೆ ಖಾಲಿ ಕಬಿನಿಯೂ ಎರಡೂಕಾಲು ದಿನದಲ್ಲಿ ತುಂಬುತ್ತದೆ. ತುಂಬಿ ನಿಂತಿದ್ದರಂತೂ ಬಂದಷ್ಟನ್ನೂ ಬಿಡದೆ ಗತಿಯಿಲ್ಲ. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ದಾಟಿತ್ತು. ಅದರ ಹಿಂದಿನ ವರ್ಷದಂತೆ ಆಗಲೂ ಮಲ್ಲನಮೂಲೆ ಮಠದ ಬಳಿ ಊಟಿ ಹೆದ್ದಾರಿಯ ಮೇಲೆ ನೀರು ಬಂದು ಸಂಚಾರ ನಿಂತಿತು. ಇನ್ನೊಂದು ಸಂಗತಿಯೂ ಇದೆ. ಕಪಿಲೆ ಏರಿ ನಿಂತಾಗ, ಪರಶುರಾಮ ಕ್ಷೇತ್ರದ ಬಳಿ ಬಂದು ಕೂಡುವ ಕೌಂಡಿನ್ಯೆಯ ನೀರಿಗೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಅದು ಹಿಂದಕ್ಕೆ ಒತ್ತಿ ತಗ್ಗಿನ ಬೀದಿಗಳಿಗೆ ನುಗ್ಗುತ್ತದೆ.

ಸ್ಥಳಪುರಾಣದಲ್ಲಿ ಪರಶುರಾಮ ಪೊದೆ ಸವರುವಾಗ ಕೊಡಲಿ ಲಿಂಗಕ್ಕೆ ತಾಗಿ ರಕ್ತ ಸುರಿಯಿತು, ಶಿವನೇ ಪ್ರತ್ಯಕ್ಷನಾಗಿ ಗಾಯಕ್ಕೆ ಹಸಿ ಮಣ್ಣು ಮೆತ್ತಲು ಹೇಳಿದ ಎಂಬ ಕಥೆ ಬರುತ್ತದೆ. ಅಂದಿನಿಂದ ಇಲ್ಲಿನ ಮೃತ್ತಿಕೆಗೆ ಔಷಧಿಯ ಗೌರವ. ಆ ನಂಬಿಕೆ ಇಟ್ಟುಕೊಂಡವರೇ ಗಮನಿಸಬೇಕಾದ ಮಾತಿದು: ನೆರೆ ಬಿಟ್ಟುಹೋದ ರಾಡಿ ಮೃತ್ತಿಕೆಯಲ್ಲ. ಅದರಲ್ಲಿ ಒಳಚರಂಡಿಯ ನೀರು, ಸತ್ತ ಪ್ರಾಣಿ, ಗದ್ದೆಗೆ ಹೊಡೆದ ಔಷಧ, ಸೀಮೆಎಣ್ಣೆ ಎಲ್ಲ ಸೇರಿರುತ್ತವೆ. ಮೈಗೆ ಹಚ್ಚಿಕೊಂಡರೆ ಕಜ್ಜಿ ಏಳುತ್ತದೆ, ಕಾಲಿನಲ್ಲಿ ಗಾಯವಿದ್ದರೆ ಇಲಿಜ್ವರದ ಭಯ. ಪ್ರಸಾದದ ಮಣ್ಣು ಬೇಕೆನ್ನುವವರು ಹೊಳೆ ತಿಳಿಯಾಗುವ ಕಾರ್ತಿಕದವರೆಗೆ ತಡೆಯಲಿ.

ಆ ರಾಡಿಯನ್ನು ತೆಗೆಯುವುದೇ ಈ ದಿನಗಳ ಮೊದಲ ಸೇವೆ. ತೋಪಿನ ಬೀದಿ, ಹಳ್ಳದ ಕೇರಿಯಂಥ ಕಡೆ ನೀರು ಇಳಿದ ಕೂಡಲೇ ಮನೆಯೊಳಗೆ ನುಗ್ಗಬಾರದು. ಮಣ್ಣಿನ ಗೋಡೆ ನೀರಿನಲ್ಲಿ ನಿಂತಿರುವಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದು ಹೆಚ್ಚು. ಒಳಗೂ ಹೊರಗೂ ಒತ್ತಿ ಹಿಡಿದಿದ್ದ ನೀರು ಹೋಗಿರುತ್ತದೆ, ಬುಡ ನೆನೆದು ಮೆತ್ತಗಾಗಿರುತ್ತದೆ. ತೊಲೆಗೆ ಗಳು ಊರಿ ಆಸರೆ ಕೊಟ್ಟು, ಮೇನ್ ಸ್ವಿಚ್ ಆಫ್ ಆಗಿದೆಯೇ ನೋಡಿ, ಮೂಲೆಗಳನ್ನು ದೂರದಿಂದ ಕೋಲಿನಲ್ಲಿ ಕೆದಕಿ (ಹಾವು ಇರುವುದು ಅಲ್ಲೇ) ಆಮೇಲೆ ಕಾಲಿಡುವುದು. ಒಂದು ಸಲಿಕೆ ಮಣ್ಣು ಎತ್ತುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆ, ಹಾಳಾದ ಸಾಮಾನು, ಬಿದ್ದ ಭಾಗ ಎಲ್ಲದರ ಫೋಟೊ ತೆಗೆದಿಡಬೇಕು. ನಷ್ಟದ ಮಹಜರಿಗೆ ಬಂದವರಿಗೆ ತೊಳೆದು ಸಾರಿಸಿದ ಮನೆ ತೋರಿಸಿದರೆ ಪರಿಹಾರದ ಕಾಗದದಲ್ಲಿ ಏನೂ ಉಳಿಯುವುದಿಲ್ಲ.

ರಾಡಿ ಹಸಿಯಾಗಿರುವಾಗಲೇ ಎತ್ತಿದರೆ ಸಲಿಕೆಗೆ ಬರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಸಿಮೆಂಟಿನಂತೆ ಕಚ್ಚುತ್ತದೆ, ಗುದ್ದಲಿಯಲ್ಲಿ ಕೀಳುವಾಗ ಗಾರೆ ನೆಲವೂ ಕಿತ್ತು ಬರುತ್ತದೆ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಎತ್ತಿದ ಮಣ್ಣನ್ನು ಚರಂಡಿಗೆ ತಳ್ಳಬಾರದು. ಚರಂಡಿ ಕಟ್ಟಿಕೊಂಡರೆ ಮುಂದಿನ ಮಳೆಗೆ ಅದೇ ನೀರು ಮತ್ತೆ ಮನೆಯೊಳಗೆ.

ಹೊಳೆದಂಡೆಯ ಊರಿನ ಚಿಕ್ಕ ಗುಡಿಗೂ ಇದೇ ಕ್ರಮ. ಅಲ್ಲಿ ಆಗುವ ತಪ್ಪು ಅವಸರದ್ದು. ಕೆಸರು ಇನ್ನೂ ಲಿಂಗದ ಕೆಳಗಿನ ಪಾಣಿಪೀಠದ ಸಂದಿಯಲ್ಲಿರುವಾಗಲೇ ಪುಣ್ಯಾಹಕ್ಕೆ ಕಳಶ ಇಡಿಸುತ್ತಾರೆ, ಮೂರ್ತಿಗೆ ಎಣ್ಣೆ ಹಚ್ಚಿಬಿಡುತ್ತಾರೆ. ತೇವ ಆರುವ ಮೊದಲು ಎಣ್ಣೆ ಬಿದ್ದರೆ ಕೆಸರು ಅದರ ಜೊತೆ ಕಲ್ಲಿಗೆ ಅಂಟಿ ಕಪ್ಪುಗಟ್ಟುತ್ತದೆ. ಕಲ್ಲಿಗೆ ಆಸಿಡ್ ಹಾಕುವುದು ಬೇಡವೇ ಬೇಡ. ಬ್ಲೀಚಿಂಗ್ ಪೌಡರ್ ಇರುವಲ್ಲಿ ಆಸಿಡ್ ಬಿದ್ದರೆ ವಿಷದ ಗಾಳಿ ಏಳುತ್ತದೆ, ಗರ್ಭಗುಡಿಗೆ ಕಿಟಕಿಯೂ ಇರುವುದಿಲ್ಲ. ಸಾದಾ ನೀರು, ತೆಂಗಿನ ನಾರು, ಸಂದಿಗೆ ಬಿದಿರಿನ ಕಡ್ಡಿ ಸಾಕು. ತೇರಿನ ಗಾಲಿ, ಪಲ್ಲಕ್ಕಿ, ಬಾಗಿಲು ಇವನ್ನು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಬ್ಲೀಚಿಂಗ್ ಕೆಲಸ ಮಾಡುವುದು ಕೆಸರು ಹೋದ ಮೇಲೆ ಮಾತ್ರ, ಏಕೆಂದರೆ ಅದರ ಶಕ್ತಿಯನ್ನೆಲ್ಲ ಕೊಳೆಯೇ ತಿಂದುಹಾಕುತ್ತದೆ. ಅದನ್ನೂ ತೊಳೆದು, ನೆಲ ಆರಿದ ಮೇಲೆ ಪಂಚಗವ್ಯ ಪ್ರೋಕ್ಷಣೆ ಮತ್ತು ಸಂಪ್ರೋಕ್ಷಣೆ ಆಗಲಿ.

ತೀರ್ಥದ ಮಾತು ಬೇರೆಯೇ ಹೇಳಬೇಕು. ನೆರೆ ನುಗ್ಗಿದ ಬಾವಿಯ ನೀರಿಗೆ ತುಳಸಿ, ಪಚ್ಚಕರ್ಪೂರ ಹಾಕಿದ ಮಾತ್ರಕ್ಕೆ ಅದು ಕುಡಿಯುವಂತಾಗುವುದಿಲ್ಲ. ಮೊದಲು ಪಂಪು ಹಚ್ಚಿ ಕೆಸರು ನೀರು ಎತ್ತಿಬಿಡಬೇಕು, ಹೊಸ ನೀರು ಊರಿದ ಮೇಲೆ ಅಳತೆ. ಸಾಧಾರಣ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ನೆರೆಯ ನಂತರ ಅದರ ಇಮ್ಮಡಿ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅದಕ್ಕೆ 140 ಗ್ರಾಂ. ಎರಡು ಪಾಲು ಮಾಡಿ ಎರಡು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಬಿಂದಿಗೆಯಿಂದ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆಯಾದರೂ ಯಾರೂ ಸೇದಬಾರದು. ಘಾಟು ವಾಸನೆಯೇ ಇಲ್ಲದ ಹಳೆಯ ಪುಡಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಎಷ್ಟು ಮಾಡಿದರೂ ಅನುಮಾನ ಉಳಿದರೆ ಕಾಯಿಸಿ ಆರಿಸಿದ ನೀರಿನಲ್ಲೇ ತೀರ್ಥ ಮಾಡಲಿ, ದೇವರು ಬೇಡವೆನ್ನುವುದಿಲ್ಲ.

ಮುಡಿ ಕೊಡಲು ಬಂದವರಿಗೆ ನಲ್ಲಿ ಸ್ನಾನವೂ ಕಪಿಲಾ ಸ್ನಾನವೇ. ಬ್ಯಾರಿಕೇಡ್ ದಾಟಿ ಒಂದು ಮುಳುಗು ಹಾಕುತ್ತೇನೆಂದು ಹೋಗುವುದು ಭಕ್ತಿಯಲ್ಲ, ಮೊಂಡುತನ. ಪಾಚಿಯ ಮೇಲೆ ಕೆಸರು ಕೂತ ಮೆಟ್ಟಿಲಿನಲ್ಲಿ ಕಾಲು ನಿಲ್ಲುವುದಿಲ್ಲ. ಉರುಳು ಸೇವೆಯವರು ನೆಲ ತೊಳೆದು ಒಡೆದ ಬಳೆ, ಗಾಜು ಗುಡಿಸಿದ್ದಾರೆಯೇ ನೋಡಿಕೊಳ್ಳಲಿ.

ಇನ್ನು ಗಂಗಮ್ಮನ ಬಾಗಿನ. ಅರಿಶಿನ ಹಚ್ಚಿ ಒಣಗಿಸಿದ ಜೋಡಿ ಮೊರ, ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಹಣ್ಣು, ಬಳೆ ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ವೀಳ್ಯ, ದಕ್ಷಿಣೆ. ಇದನ್ನು ಇಡಿಯಾಗಿ ಹೊಳೆಗೆ ಬಿಟ್ಟರೆ ಪಾಲಿಯೆಸ್ಟರ್ ಕಣ, ಪ್ಲಾಸ್ಟಿಕ್ ಬಾಚಣಿಗೆ ಸೇತುವೆಯ ಕಂಬಕ್ಕೆ ಹೋಗಿ ಸುತ್ತಿಕೊಳ್ಳುತ್ತವೆ. ಅರಿಶಿನ, ಕುಂಕುಮ, ಹೂವು, ಒಂದು ಹಿಡಿ ಅಕ್ಕಿ ಗಂಗಮ್ಮನಿಗೆ ಸಾಕು. ಉಳಿದ ಮೊರವನ್ನು ಸೆರಗು ಹೊದಿಸಿ, ನೀರು ನುಗ್ಗಿದ ಮನೆಯ ಮುತ್ತೈದೆಗೆ ಕೊಡುವುದು ಮೇಲು. ಹಾಗೆ ಕೊಡುವಾಗ ಬೇಳೆ ಹಿಡಿಯ ಲೆಕ್ಕದಲ್ಲಿ ಬೇಡ, ಒಂದೊಂದು ಸೇರು ಇರಲಿ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು, ಆ ಮನೆಯ ನೆಲ ಆರಲು ವಾರಗಟ್ಟಲೆ ಬೇಕು. ಕಣದ ಜೊತೆ ಒಂದು ಹತ್ತಿ ಸೀರೆ, ಒಂದು ಜಮಖಾನ ಸೇರಿಸಿ. ಮಕ್ಕಳಿರುವ ಮನೆಯಾದರೆ ನೋಟ್‌ಬುಕ್ಕೂ ಬೇಕಾಗುತ್ತದೆ, ಕೇಳಿ ಕೊಡಿ.